ಸ್ವಂತ ಜಾಗದ ತಗ್ಗು ತುಂಬಿಸಲು ಹೊರಟವರು ಮೊದಲು ಇದನ್ನು ಓದಿ

ಮನೆ ಹಿಂದಿನ ಜಾಗದಲ್ಲಿ ಒಂದು ಹೊಂಡ ತೋಡಿ, ಅದೇ ಮಣ್ಣಿನಿಂದ ತಗ್ಗು ಮುಚ್ಚಿ ಸಮ ಮಾಡಿಬಿಡೋಣ ಎಂದುಕೊಂಡಿದ್ದೀರಾ? ಜೆಸಿಬಿಯವರಿಗೆ ಹೇಳಿ ಕಳಿಸುವ ಮೊದಲು ನಮ್ಮ ಕಥೆ ಓದಿ. ನಾವು ಮೂರೇ ದಿನದಲ್ಲಿ ಮುಗಿಸಿದ ಕೆಲಸವನ್ನು ಸರಿಮಾಡುತ್ತಾ ಎರಡು ಮಳೆಗಾಲ ಕಳೆಯಿತು, ಇನ್ನೂ ಮುಗಿದಿಲ್ಲ.

ನಮ್ಮ ಜಾಗದ ಒಂದು ಮೂಲೆ ಮಳೆ ಬಂತೆಂದರೆ ಜೌಗು. ಅದನ್ನು ಅರ್ಧ ಮೀಟರ್ ಎತ್ತರಿಸಿದರೆ ಶೆಡ್ ಕಟ್ಟಬಹುದು, ಮಣ್ಣು ತೆಗೆದ ಕಡೆ ನೀರು ನಿಲ್ಲಿಸಬಹುದು ಎಂಬ ಆಸೆ. ತಗ್ಗಿನ ವಿಸ್ತೀರ್ಣ 240 ಚದರ ಮೀಟರ್, ಅಂದರೆ ಬೇಕಾದ ಮಣ್ಣು 120 ಘನ ಮೀಟರ್. ಹೊಂಡದ ಅಳತೆ 10 ಮೀಟರ್ ಉದ್ದ, 6 ಅಗಲ, 2 ಆಳ. ಸಿಗುವ ಮಣ್ಣೂ ಸರಿಯಾಗಿ 120. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದಾಗ ತಿಳಿದವರನ್ನು ಒಂದು ಮಾತು ಕೇಳಬೇಕು ಎಂದು ಅನ್ನಿಸಲೇ ಇಲ್ಲ.

ನೆಲದೊಳಗೆ ಒತ್ತಿಕೊಂಡು ಕೂತ ಮಣ್ಣನ್ನು ಅಗೆದು ಹೊರಗೆ ಹಾಕಿದರೆ ಅದು ಉಬ್ಬುತ್ತದೆ. ಜೇಡಿಮಣ್ಣಾದರೆ ನೂರಕ್ಕೆ ಮೂವತ್ತು ಪಾಲು ಹೆಚ್ಚಾಗಿ ಕಾಣುವುದು ಸಾಮಾನ್ಯ. ಆಮೇಲೆ ಮಳೆಗೆ, ಭಾರಕ್ಕೆ ಅದು ಮತ್ತೆ ಕುಗ್ಗಿ ಕೂರುತ್ತದೆ. ನಮಗೆ ಇದು ಗೊತ್ತಿರಲಿಲ್ಲ. ತಗ್ಗು ತುಂಬಿದ ಮೇಲೂ ದೊಡ್ಡ ರಾಶಿ ಉಳಿದಿತ್ತು. ಮಣ್ಣು ಮಿಕ್ಕಿತು ಎಂದು ಖುಷಿಪಟ್ಟು, ಬೇಕು ಎಂದವರ ಟ್ರ್ಯಾಕ್ಟರಿಗೆ ತುಂಬಿಸಿ ಕಳಿಸಿಬಿಟ್ಟೆವು. ಮೊದಲ ಜೋರು ಮಳೆಗೆ ನೆಲ ನಾಲ್ಕು ಬೆರಳು ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನಟ್ಟನಡುವೆ ಹತ್ತಿರ ಹತ್ತಿರ ಒಂದು ಗೇಣು. ಕಾಲಿಟ್ಟರೆ ಹೆಜ್ಜೆಯ ಗುರುತಿನಲ್ಲಿ ಹಳದಿ ನೀರು ಒಸರಿ ನಿಲ್ಲುತ್ತಿತ್ತು. ಬಿಸಿಲು ಬಿದ್ದ ಮೇಲೆ ಅದೇ ಜಾಗದಲ್ಲಿ ಬೆರಳು ತೂರುವಷ್ಟು ಬಿರುಕು.

ಮಣ್ಣನ್ನು ಒಂದೇ ಸಲ ಸುರಿದು, ಮೇಲೆ ಜೆಸಿಬಿಯ ಬಕೆಟ್ಟಿನಿಂದ ಎರಡೇಟು ತಟ್ಟಿ ಸಮ ಮಾಡಿಸಿದ್ದೆವು. 15ರಿಂದ 20 ಸೆಂಟಿಮೀಟರ್ ಪದರ ಹಾಕಿ, ದಿಮ್ಮಿಸಿ, ಅದು ಗಟ್ಟಿಯಾದ ಮೇಲೆ ಮುಂದಿನ ಪದರ ಹಾಕಬೇಕಿತ್ತು. ಒಣಗಿದ ಮಣ್ಣನ್ನು ಎಷ್ಟು ಗುದ್ದಿದರೂ ಕೂರುವುದಿಲ್ಲ, ನೀರು ಹೆಚ್ಚಾದರೆ ಸ್ಪಂಜಿನಂತೆ ಅಲುಗಾಡುತ್ತದೆ. ಹದವಾದ ತೇವದಲ್ಲೇ ಮಣ್ಣು ಅತಿ ಹೆಚ್ಚು ಬಿಗಿಯುತ್ತದೆ ಎಂಬುದನ್ನು ಪ್ರಾಕ್ಟರ್ ಎಂಬ ಅಮೆರಿಕದ ಎಂಜಿನಿಯರ್ 1933ರಲ್ಲೇ ತೋರಿಸಿಕೊಟ್ಟಿದ್ದಾರೆ. ಇವತ್ತಿಗೂ ರಸ್ತೆ, ಕಟ್ಟೆ ಕೆಲಸಗಳಲ್ಲಿ ಅವರ ಹೆಸರಿನ ಪರೀಕ್ಷೆಯೇ ನಡೆಯುತ್ತದೆ. ಮನೆಯ ಕೆಲಸಕ್ಕೆ ಒಂದು ಹಿಡಿ ಮಣ್ಣು ಹಿಸುಕಿ ನೋಡಿ: ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಇನ್ನೊಂದು ತಪ್ಪೆಂದರೆ ತಗ್ಗಿನಲ್ಲಿದ್ದ ಹುಲ್ಲು, ಬೇರು, ಹಳೇ ಮರದ ಬೊಡ್ಡೆ ಯಾವುದನ್ನೂ ಕೀಳಿಸಲಿಲ್ಲ. ಅವು ಒಳಗೇ ಕೊಳೆತು ಟೊಳ್ಳಾದವು. ಕೆಳಗಿನ ಜೌಗಿನ ಕೆಸರಿನಿಂದಲೂ ಮೇಲಿನ ಭಾರಕ್ಕೆ ನೀರು ನಿಧಾನವಾಗಿ ಹಿಂಡಿ ಹೊರಬರುತ್ತದೆ. ಇದು ವರ್ಷಗಟ್ಟಲೆ ನಡೆಯುವ ಕೆಲಸ, ಅವಸರಪಟ್ಟರೆ ಆಗುವುದಲ್ಲ.

ಮೇಲ್ಮಣ್ಣಿನ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೊಂಡದ ಜಾಗದಲ್ಲಿ ಮೇಲಿನ ಒಂದು ಅಡಿ ಕಪ್ಪಗೆ, ಎರೆಹುಳು ತುಂಬಿದ ಮಣ್ಣಿತ್ತು. ಮೊದಲು ಅಗೆದದ್ದು ಮೊದಲು ಬಿತ್ತು, ಎಲ್ಲಕ್ಕಿಂತ ಅಡಿಗೆ ಹೋಯಿತು. ಆಳದ ಗೊಡ್ಡು ಮಣ್ಣು ಮೇಲೆ ಬಂದು ಕೂತಿತು. ಅದರಲ್ಲಿ ಈಗಲೂ ಹುಲ್ಲು ಸರಿಯಾಗಿ ಹಿಡಿದಿಲ್ಲ. ಮೇಲ್ಮಣ್ಣನ್ನು ಮೊದಲ ದಿನವೇ ಬೇರೆ ರಾಶಿ ಹಾಕಿಸಿ, ಕೊನೆಗೆ ಮೇಲೆ ಹರಡಿಸಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನೀರಿನದು. ಆ ತಗ್ಗು ಸುಮ್ಮನೆ ಇರಲಿಲ್ಲ, ಸುತ್ತಲಿನ ಮಳೆನೀರು ಬಂದು ಇಂಗುವ ಜಾಗ ಅದು. ನಾವು ಎತ್ತರಿಸಿದ್ದೇ ತಡ, ನೀರು ಬೇರೆ ದಾರಿ ಹಿಡಿಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಹಿರಿಯರು ಗೇಟಿನ ಹತ್ತಿರ ನಿಂತು, "ನೀವೇ ಒಂದ್ಸಲ ಬಂದು ನೋಡಿ, ಗೋಡೆ ಬುಡದಲ್ಲಿ ನೀರು ನಿಂತಿದೆ" ಎಂದರು. ಅವರು ಜಗಳಕ್ಕೆ ಬಂದಿರಲಿಲ್ಲ. ಹೋಗಿ ನೋಡಿದರೆ ಅವರ ಕಾಂಪೌಂಡಿನ ಅಸ್ತಿವಾರದ ಕಲ್ಲು ಕಾಣುವಷ್ಟು ಮಣ್ಣು ಕೊಚ್ಚಿಹೋಗಿತ್ತು, ಗೋಡೆಯಲ್ಲಿ ಓರೆಯಾಗಿ ಸೀಳು. ಅದನ್ನು ನಮ್ಮ ಖರ್ಚಿನಲ್ಲೇ ಕಟ್ಟಿಸಿಕೊಟ್ಟೆವು, ಗಡಿಯುದ್ದಕ್ಕೂ ಬಸಿಗಾಲುವೆ ತೋಡಿಸಿದೆವು. ಅದೇ ಕಾಲುವೆಯನ್ನು ಮಣ್ಣು ಹಾಕುವ ಮೊದಲು ತೋಡಿದ್ದರೆ ಒಂದು ದಿನದ ಕೆಲಸ. ಒಂದು ಜೋರು ಮಳೆ ಬರುವಾಗ ಕೊಡೆ ಹಿಡಿದು ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ. ಅದಾದ ಮೇಲೆ ನಕ್ಷೆ ಬರೆಯಿರಿ.

ಹೊಂಡದ ಅಂಚಿನ ಬಗ್ಗೆ ಬರೆಯುವಾಗ ಕೈ ನಡುಗುತ್ತದೆ. ತೆಗೆದ ಮಣ್ಣಿನ ಒಂದಷ್ಟು ಭಾಗ ಅಂಚಿಗೇ ರಾಶಿ ಬಿದ್ದಿತ್ತು, ಗೋಡೆಗಳು ನೆಟ್ಟಗೆ ಕಡಿದ ಹಾಗಿದ್ದವು. ಸಂಜೆ ನನ್ನ ತಮ್ಮ ಒಳಗಿಳಿದು ಟೇಪು ಹಿಡಿದು ಆಳ ಅಳೆದು ಬಂದ. ರಾತ್ರಿ ಆ ಬದಿ ಪೂರ್ತಿ ಕುಸಿಯಿತು. ಬೆಳಿಗ್ಗೆ ನೋಡಿದರೆ ಅವನು ಗುರುತಿಗೆ ನೆಟ್ಟಿದ್ದ ಕಡ್ಡಿ ಕಾಣಿಸಲೇ ಇಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಹೆಚ್ಚು ತೂಗುತ್ತದೆ, ಎದೆಮಟ್ಟ ಬಿದ್ದರೂ ಉಸಿರು ನಿಲ್ಲುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದ ಪ್ರಕಾರ 5 ಅಡಿ ಅಥವಾ ಅದಕ್ಕೂ ಆಳದ ಕಂದಕಕ್ಕೆ ಆಸರೆ ಕೊಡಬೇಕು ಅಥವಾ ಬದಿಯನ್ನು ಇಳಿಜಾರಾಗಿ ಕಡಿಯಬೇಕು. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ 2 ಅಡಿ ದೂರ ಇರಬೇಕು. ನೀವು ಇನ್ನೂ ದೂರ ಹಾಕಿಸಿ. ಹೊಂಡದ ಬಾಯಿ ಅಷ್ಟೇ ಇಟ್ಟು ಇಳಿಜಾರು ಕೊಟ್ಟರೆ ಸಿಗುವ ಮಣ್ಣು ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೆಲದಡಿಯ ಪೈಪು, ಕೇಬಲ್ಲು ಎಲ್ಲಿವೆ ಎಂದು ಮೊದಲೇ ವಿಚಾರಿಸಿ. ಅನುಮತಿ ಬೇಕೇ ಎಂಬುದನ್ನು ಬಾಯಿಮಾತಿಗೆ ನಂಬದೆ ಬರಹದಲ್ಲಿ ಪಡೆಯಿರಿ. ಜೌಗು, ಹಳ್ಳದ ಬದಿ ಸ್ವಂತದ್ದಾದರೂ ಮುಚ್ಚಲು ಎಷ್ಟೋ ಕಡೆ ನಿರ್ಬಂಧ ಇರುತ್ತದೆ.

ಈಗ ತುಂಬಿದ ಜಾಗದಲ್ಲಿ ಐದು ಗೂಟ ನೆಟ್ಟು, ಗಟ್ಟಿ ನೆಲದ ಮೇಲಿನ ಒಂದು ಕಲ್ಲಿನಿಂದ ನೀರಿನ ಪೈಪು ಹಿಡಿದು ತಿಂಗಳಿಗೊಮ್ಮೆ ಮಟ್ಟ ನೋಡುತ್ತಿದ್ದೇವೆ. ನಾಲ್ಕು ಗೂಟ ನಿಂತಿವೆ. ನಡುವಿನದು ಹೋದ ತಿಂಗಳೂ ಅರ್ಧ ಬೆರಳು ಇಳಿದಿದೆ. ಶೆಡ್ಡಿನ ಕಂಬಗಳು ಗೋಡೆಗೆ ಒರಗಿಕೊಂಡೇ ಇವೆ.