ಯಂತ್ರ ಒಡೆದ ದಿನ ಅವರು ಕೊಡುವ ಹಾಳೆಗೆ ಸಹಿ ಹಾಕಬೇಡಿ

ಕೆಲಸ ಮಾಡುವಾಗ ಕೈತಪ್ಪಿ ಸ್ಕ್ಯಾನರ್, ಲ್ಯಾಪ್‌ಟಾಪ್, ಕ್ಯಾಮೆರಾ, ಏನೇ ಒಡೆಯಲಿ, ಸ್ವಲ್ಪ ಹೊತ್ತಿಗೆಲ್ಲ ನಿಮ್ಮ ಮುಂದೆ ಒಂದು ಹಾಳೆ ಬರುತ್ತದೆ. "ಸುಮ್ನೆ ಫೈಲಿಗೆ ಬೇಕು, ಒಂದು ಸಹಿ ಹಾಕಿ" ಅನ್ನುತ್ತಾರೆ. ದಯವಿಟ್ಟು ಹಾಕಬೇಡಿ. ಆ ಹಾಳೆಯಲ್ಲಿ ಏನಿರುತ್ತದೆ, ಆಮೇಲೆ ಸಂಬಳಕ್ಕೆ ಏನಾಗುತ್ತದೆ ಅನ್ನೋದನ್ನು ಅನುಭವಿಸಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಗ ಒಂದು ದೊಡ್ಡ ಗೋದಾಮಿನಲ್ಲಿದ್ದೆ. ಪೆಟ್ಟಿಗೆಗಳ ಬಾರ್‌ಕೋಡ್ ಓದಲು ಎಲ್ಲರಿಗೂ ಒಂದೊಂದು ಸ್ಕ್ಯಾನರ್. ಅದು ಕೈಯಿಂದ ಜಾರದಂತೆ ಒಂದು ಪಟ್ಟಿ ಇರುತ್ತದೆ. ನನ್ನ ಸ್ಕ್ಯಾನರಿನ ಪಟ್ಟಿ ಕಿತ್ತುಹೋಗಿತ್ತು. ಫೋಟೋ ತೆಗೆದು ನಮ್ಮ ಕೆಲಸದ ವಾಟ್ಸ್‌ಆ್ಯಪ್ ಗುಂಪಿಗೇ ಹಾಕಿದ್ದೆ. "ಹೊಸದು ಬರುತ್ತೆ, ಅಲ್ಲಿವರೆಗೆ ಅಡ್ಜಸ್ಟ್ ಮಾಡಿಕೊಳ್ಳಿ" ಅಂತ ಸೂಪರ್‌ವೈಸರ್ ಉತ್ತರ ಬಂದಿತ್ತು. ಹೊಸದು ಬರಲಿಲ್ಲ. ಒಂದು ದಿನ ಏಣಿ ಮೇಲಿದ್ದಾಗ ಮೇಲಿನ ಸಾಲಿನ ಪೆಟ್ಟಿಗೆ ಜಾರಿತು. ಅದನ್ನು ತಡೆಯಲು ಹೋದೆ, ಸ್ಕ್ಯಾನರ್ ಕೆಳಗೆ ಬಿತ್ತು. ಪರದೆ ಸೀಳು ಬಿಟ್ಟಿತು.

ಅವತ್ತು ಸಂಜೆ ಆಫೀಸಿಗೆ ಕರೆದರು. ಟೈಪ್ ಮಾಡಿದ ಪತ್ರ ಮೇಜಿನ ಮೇಲೆ ಸಿದ್ಧವಾಗಿತ್ತು. "ನನ್ನ ಬೇಜವಾಬ್ದಾರಿಯಿಂದ ಉಪಕರಣ ಹಾಳಾಗಿದೆ, ಅದರ ಪೂರ್ತಿ ಬೆಲೆಯನ್ನು ನನ್ನ ಸಂಬಳದಿಂದ ಹಿಡಿದುಕೊಳ್ಳಲು ಒಪ್ಪಿದ್ದೇನೆ" ಅಂತ ಅದರಲ್ಲಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಅಂದರೆ ಈ ಪತ್ರ ಮೊದಲೇ ತಯಾರಿರುತ್ತದೆ. ಯಾರ ಕೈಯಲ್ಲಿ ಏನು ಒಡೆದರೂ ಇದೇ ಪತ್ರ. ಹೇಗೆ ಬಿತ್ತು ಅಂತ ಯಾರೂ ಕೇಳಿರಲಿಲ್ಲ. ನನಗೆ ಪೆಟ್ಟಾಯಿತಾ ಅಂತಲೂ ಕೇಳಿರಲಿಲ್ಲ.

ನಾನು ಸಹಿ ಹಾಕಲಿಲ್ಲ. ಒಂದು ಬಿಳಿ ಹಾಳೆ ಕೇಳಿ ನಡೆದದ್ದನ್ನು ನನ್ನ ಮಾತಿನಲ್ಲೇ ಬರೆದುಕೊಟ್ಟೆ. ಪಟ್ಟಿ ಕಿತ್ತಿದ್ದು, ತಿಳಿಸಿದ್ದು, ಸಿಕ್ಕ ಉತ್ತರ, ಎಲ್ಲವನ್ನೂ. ಆದರೂ ಮುಂದಿನ ಪೇ ಸ್ಲಿಪ್‌ನಲ್ಲಿ "ಇತರೆ ಕಡಿತ" ಅಂತ ಒಂದು ಸಾಲು ಬಂತು. ಕೇಳಿದರೆ, ಕೆಲಸಕ್ಕೆ ಸೇರುವಾಗ ಸ್ಕ್ಯಾನರ್ ತೆಗೆದುಕೊಂಡದ್ದಕ್ಕೆ ಹಾಕಿದ ಸಹಿಯನ್ನು ತೋರಿಸಿದರು. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಹಾನಿಗೆ ನೌಕರರೇ ಹೊಣೆ" ಅಂತ ಇತ್ತು. ಆ ಕಾಗದಕ್ಕೆ ಸಹಿ ಹಾಕದಿದ್ದರೆ ಕೆಲಸವೇ ಸಿಗುವುದಿಲ್ಲ. ಅದನ್ನು ಒಪ್ಪಿಗೆ ಅಂತ ಹೇಗೆ ಕರೆಯುತ್ತಾರೋ!

ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕಲ್ಲ. ಅವರು ಹಿಡಿಯುತ್ತಿದ್ದುದು ಹೊಚ್ಚ ಹೊಸ ಸ್ಕ್ಯಾನರಿನ ಬೆಲೆ. ಒಡೆದದ್ದು ನನಗಿಂತ ಮೊದಲು ಬೇರೆಯವರು ಬಳಸಿ ಬಿಟ್ಟದ್ದು. ಐದು ವರ್ಷ ಬಾಳುವ ಉಪಕರಣ ನಾಲ್ಕು ವರ್ಷ ದುಡಿದಿದ್ದರೆ ಅದರಲ್ಲಿ ಉಳಿದಿರುವುದು ಐದರಲ್ಲಿ ಒಂದು ಪಾಲು ಬೆಲೆ. ಲೆಕ್ಕಪತ್ರದಲ್ಲಿ ಕಂಪನಿಗಳು ಪ್ರತಿ ವರ್ಷ ಇದೇ ಸವಕಳಿಯನ್ನು ತೋರಿಸುತ್ತವೆ. ನಮ್ಮ ಸಂಬಳದಿಂದ ಹಿಡಿಯುವಾಗ ಮಾತ್ರ ಸವಕಳಿ ಮರೆತುಹೋಗುತ್ತದೆ. ಇನ್ನೊಂದು ಮಾತು. ಗೋದಾಮಿನ ಗಟ್ಟಿ ಸ್ಕ್ಯಾನರ್‌ಗಳನ್ನು ಮನುಷ್ಯರ ಕೈಯಿಂದ ಬೀಳುತ್ತವೆ ಅಂತ ಗೊತ್ತಿದ್ದೇ ತಯಾರಿಸುತ್ತಾರೆ. ಕಾಂಕ್ರೀಟಿನ ಮೇಲೆ ಇಷ್ಟು ಎತ್ತರದಿಂದ ಬಿದ್ದರೆ ತಡೆಯುತ್ತದೆ ಅಂತ ತಯಾರಕರೇ ಬರೆದಿರುತ್ತಾರೆ. ಬೀಳುವುದು ಆ ಕೆಲಸದ ಭಾಗ.

ಆಮೇಲೆ ಒಂದು ದಿನ ಅದೇ ಸ್ಕ್ಯಾನರನ್ನು ಇನ್ನೊಬ್ಬರ ಕೈಯಲ್ಲಿ ನೋಡಿದೆ. ಪರದೆ ಹೊಸದು. ಹಿಂದೆ ಅಂಟಿಸಿದ್ದ ನಂಬರ್ ಚೀಟಿ ಹಳೆಯದೇ. ಬರೀ ಪರದೆ ಬದಲಿಸಿ ಮತ್ತೆ ಕೆಲಸಕ್ಕೆ ಕೊಟ್ಟಿದ್ದರು, ನನ್ನಿಂದ ಮಾತ್ರ ಇಡೀ ಸ್ಕ್ಯಾನರಿನ ದುಡ್ಡು ಕಂತಿನಲ್ಲಿ ಹೋಗುತ್ತಲೇ ಇತ್ತು.

ಅಲ್ಲಿಂದ ನಿಯಮಗಳನ್ನು ಓದಲು ಕೂತೆ. ಸಂಬಳ ಹಿಡಿಯುವುದು ಮಾಲೀಕರ ಮರ್ಜಿಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1949ರಲ್ಲೇ ವೇತನ ರಕ್ಷಣೆಯ ಒಪ್ಪಂದ ಮಾಡಿದೆ. ಅದು 95ನೇ ಒಪ್ಪಂದ. ಅದರ ಜೊತೆಗೆ ಬಂದ 85ನೇ ಶಿಫಾರಸು ನಮ್ಮ ವಿಷಯವನ್ನೇ ನೇರವಾಗಿ ಹೇಳುತ್ತದೆ. ಹಾನಿಗೆ ಆ ಕೆಲಸಗಾರರೇ ಕಾರಣ ಅಂತ ಸ್ಪಷ್ಟವಾಗಿ ತೋರಿಸಬೇಕು. ಹಿಡಿಯುವ ಮೊತ್ತ ನ್ಯಾಯವಾಗಿರಬೇಕು, ನಿಜವಾದ ನಷ್ಟವನ್ನು ಮೀರಬಾರದು. ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಶಿಫಾರಸು ತಾನೇ ಕಾನೂನಲ್ಲ, ನಿಜ. ಆದರೆ ಹಲವು ದೇಶಗಳ ಕಾನೂನಿನಲ್ಲಿ ಇಂಥದೇ ಮಾತು ಇದೆ. ಭಾರತದಲ್ಲಿ 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಅದರ ಬದಲಿಗೆ ತಂದ 2019ರ ವೇತನ ಸಂಹಿತೆಯಲ್ಲೂ ಇದೆ. ನಿಮ್ಮ ವಶಕ್ಕೆ ಸ್ಪಷ್ಟವಾಗಿ ಕೊಟ್ಟ ವಸ್ತುವಾಗಿರಬೇಕು, ಹಾನಿ ನೇರವಾಗಿ ನಿಮ್ಮ ನಿರ್ಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿರಬೇಕು, ನಿಮ್ಮ ವಿವರಣೆ ಕೇಳಿರಬೇಕು. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಘಟನೆ ನಡೆದ ಮೇಲೆ ಪಡೆದ ಒಪ್ಪಿಗೆಯನ್ನು ತೋರಿಸಿ ಅದೇ ಘಟನೆಗೆ ಸಂಬಳ ಹಿಡಿಯುವಂತಿಲ್ಲ. ಅಮೆರಿಕದ ಕೇಂದ್ರ ಕಾನೂನು ಅಷ್ಟು ಬಿಗಿಯಿಲ್ಲ. ಅಲ್ಲಿ ಮುಖ್ಯವಾಗಿ ನೋಡುವುದು, ಇಂಥ ಕಡಿತದಿಂದ ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗೆ ಹೋಯಿತಾ ಅನ್ನೋದನ್ನು. ಕೆಲವು ರಾಜ್ಯಗಳ ನಿಯಮ ಅದಕ್ಕಿಂತ ಕಟ್ಟುನಿಟ್ಟು. ಹಾಗಾಗಿ ನೀವಿರುವ ಕಡೆ ಏನಿದೆ ಅಂತ ಮೊದಲು ನೋಡಿಕೊಳ್ಳಿ.

ನಿರ್ಲಕ್ಷ್ಯ ಮತ್ತು ಅಪಘಾತ ಬೇರೆ ಬೇರೆ ಅನ್ನೋದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಡೀ ಜಗಳ ನಿಂತಿರುವುದು ಅಲ್ಲೇ. ಸಿದ್ಧ ಪತ್ರದಲ್ಲಿ "ಬೇಜವಾಬ್ದಾರಿ" ಅಂತ ಬರೆದಿರುವುದು ಸುಮ್ನೆ ಅಲ್ಲ. ಅದಕ್ಕೆ ಸಹಿ ಬಿದ್ದರೆ, ಅವರು ತೋರಿಸಬೇಕಿದ್ದ ತಪ್ಪನ್ನು ನೀವೇ ಬರೆದುಕೊಟ್ಟ ಹಾಗೆ. ಒತ್ತಾಯ ಜಾಸ್ತಿಯಾದರೆ "ಓದಿ ನಾಳೆ ಕೊಡ್ತೀನಿ" ಅಂತ ಎದ್ದು ಬನ್ನಿ. ತೀರಾ ಬಿಡದಿದ್ದರೆ "ಪತ್ರ ತಲುಪಿದೆ, ಇದರಲ್ಲಿರುವುದನ್ನು ಒಪ್ಪಿಲ್ಲ" ಅಂತ ಬರೆದು, ತಾರೀಖು ಹಾಕಿ, ಅದರ ಕೆಳಗೆ ಮಾತ್ರ ಸಹಿ ಮಾಡಿ. ಫೋಟೋ ತೆಗೆದುಕೊಳ್ಳಿ.

ನಾನು ಆಮೇಲೆ ಇಮೇಲ್ ಬರೆದೆ. ಸ್ಕ್ಯಾನರ್ ಕೊಂಡ ವರ್ಷ ಯಾವುದು, ರಿಪೇರಿ ಬಿಲ್ ಎಲ್ಲಿದೆ, ಅದಕ್ಕೆ ವಿಮೆ ಇತ್ತಾ, ಯಾವ ನಿಯಮದ ಮೇಲೆ ಹಿಡಿಯುತ್ತಿದ್ದೀರಿ ಅಂತ ಕೇಳಿದೆ. ವಾಟ್ಸ್‌ಆ್ಯಪ್ ಉತ್ತರದ ಚಿತ್ರವನ್ನೂ ನಂಬರ್ ಚೀಟಿಯ ಫೋಟೋವನ್ನೂ ಜೊತೆಗಿಟ್ಟೆ. ಬಾಯಿಮಾತಿನಲ್ಲಿ ಕೇಳಿದಾಗಲೆಲ್ಲ ಬೈಗುಳ ಸಿಕ್ಕಿತ್ತು. ಇಮೇಲಿಗೆ ಯಾರೂ ಬೈಯಲಿಲ್ಲ. ಮೊದಲು ಮೌನ, ಆಮೇಲೆ "ಪರಿಶೀಲಿಸುತ್ತೇವೆ" ಅಂದರು. ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ ಅಂತ ಬರೆದ ಮೇಲೆ ಕಂತು ನಿಂತಿತು. ಹಿಡಿದದ್ದರಲ್ಲಿ ಪರದೆಯ ಖರ್ಚು ಬಿಟ್ಟು ಉಳಿದದ್ದನ್ನು ವಾಪಸ್ ಹಾಕಿದರು. ಪರದೆಯ ಖರ್ಚನ್ನೂ ನಾನು ಕೊಡಬೇಕಿರಲಿಲ್ಲ ಅನ್ನೋದು ಈಗಲೂ ನನ್ನ ಮಾತು. ಪಟ್ಟಿ ಕೊಡದವರು ಅವರು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಅದೇ ಸಿದ್ಧ ಪತ್ರಕ್ಕೆ ಸಹಿ ಹಾಕಿದ್ದರು. ಮನೆಯಲ್ಲಿ ಕಷ್ಟವಿತ್ತು, ಕೆಲಸ ಹೋಗುತ್ತದೆ ಅನ್ನೋ ಭಯ. ಅವರಿಗೆ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಕೇಳಿದಾಗಲೆಲ್ಲ ಕಂಪನಿಯವರು ಆ ಪತ್ರವನ್ನೇ ಮುಂದೆ ಇಡುತ್ತಿದ್ದರು. ಸಹಿ ಹಾಕಿದವರನ್ನು ದೂರಬೇಡಿ. ಹೆದರಿದವರನ್ನು ಹುಡುಕಿ ಸಹಿ ಹಾಕಿಸಿಕೊಳ್ಳುವವರದ್ದು ಆ ತಪ್ಪು.

ಕೆಲಸ ಬಿಡುವವರು ಇನ್ನೂ ಹುಷಾರಾಗಿರಿ. ಕೊನೆಯ ಲೆಕ್ಕ ಮಾಡುವಾಗ ಹಳೆಯ ಗೀರು, ಸವೆದ ಕೀಬೋರ್ಡ್, ಬಾಳಿಕೆ ಮುಗಿದ ಬ್ಯಾಟರಿ ಎಲ್ಲವೂ ಒಮ್ಮೆಗೇ "ಹಾನಿ" ಆಗಿಬಿಡುತ್ತವೆ. ಬಳಸಿದ ವಸ್ತು ಸವೆಯುತ್ತದೆ, ಅದಕ್ಕೆ ನೀವು ದುಡ್ಡು ಕಟ್ಟಬೇಕಿಲ್ಲ. ಸಾಮಾನು ಕೈಗೆ ಬಂದ ದಿನವೇ ಎಲ್ಲ ಕಡೆಯಿಂದ ಫೋಟೋ ತೆಗೆದು ನಿಮ್ಮ ಸ್ವಂತ ಇಮೇಲಿಗೆ ಕಳಿಸಿಟ್ಟುಕೊಳ್ಳಿ. ವಾಪಸ್ ಕೊಡುವ ದಿನ ಮತ್ತೆ ತೆಗೆಯಿರಿ, ತೆಗೆದುಕೊಂಡವರಿಂದ ರಸೀದಿ ಬರೆಸಿಕೊಳ್ಳಿ. ಆಫೀಸಿನ ಇಮೇಲ್ ನಂಬಿ ಕೂರಬೇಡಿ. ಕೆಲಸ ಬಿಟ್ಟ ದಿನವೇ ಅದನ್ನು ಮುಚ್ಚಿಬಿಡಬಹುದು.