ಲೋಡ್ ಪಿಕಪ್‌ಗೆ ಯಾವ ಟೈರು, ಯಾವ ಡಿಸ್ಕು (ಟೈರು ಕೂರುವ ರಿಮ್ಮು)? ಎಲ್ಲಾ ಹಾಕಿ ಓಡಿಸಿದ ಮೇಲೆ

ನನ್ನದು 1.7 ಟನ್ನಿನ ಪಿಕಪ್. ಸಕಲೇಶಪುರದ ಸುತ್ತಮುತ್ತ ಬಾಡಿಗೆಗೆ ಓಡುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದಿಂದ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆ. ಉಳಿದ ದಿನ ಶಿರಾಡಿ ಘಾಟಿ ಇಳಿದು ಮಂಗಳೂರಿನ ಬಂದರಿಗೆ ಅಡಿಕೆ, ಮೆಣಸು. ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ ಸಿಗುತ್ತದೆ. ಏಳು ವರ್ಷದಲ್ಲಿ ಇದೇ ಗಾಡಿಗೆ ನೈಲಾನ್, ರಿಸೋಲ್ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಪಟ್ಟಿ ಕೂರಿಸಿದ್ದು), ಅಗಲದ ಟ್ಯೂಬ್‌ಲೆಸ್, ರೇಡಿಯಲ್ ಎಲ್ಲಾ ಹಾಕಿದ್ದೇನೆ. ಸ್ಟೀಲ್ ಡಿಸ್ಕೂ ಆಯಿತು, ಅಲಾಯ್ ಕೂಡ ಆಯಿತು. ಎಷ್ಟು ಕಿಲೋಮೀಟರ್ ಬಂತು ಅನ್ನುವುದನ್ನು ಡೀಸೆಲ್ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ನಾಲ್ಕೂ ಕಡೆ 7.00-15 ಸೈಜಿನ ನೈಲಾನ್ ಟೈರ್ ಇತ್ತು. ಏಳು ಇಂಚು ಅಗಲ, ಹದಿನೈದು ಇಂಚಿನ ಡಿಸ್ಕು, 12 ಪ್ಲೈ ರೇಟಿಂಗ್, ಅಂದರೆ ಟೈರು ಎಷ್ಟು ಲೋಡ್ ತಡೆಯುತ್ತದೆ ಅನ್ನುವ ಅಳತೆ. ಹಿಂದಿನ ಎರಡೂ ಲಗ್, ಅಂದರೆ ದಪ್ಪ ಅಡ್ಡ ಬಟನ್ (ನೆಲ ಕಚ್ಚುವ ರಬ್ಬರ್ ಕಟ್ಟು) ಇರುವ ಟೈರು. ತೋಟದ ರಸ್ತೆಗೆ ಇದನ್ನು ಮೀರಿಸುವುದು ಇಲ್ಲ ಅಂತ ಇವತ್ತಿಗೂ ಹೇಳುತ್ತೇನೆ. ಜುಲೈ ಮಳೆಯಲ್ಲಿ ಕೆಂಪು ಮಣ್ಣಿನ ಏರು ಹತ್ತುವಾಗ ಬೇರೆ ಗಾಡಿ ಜಾರುತ್ತಿದ್ದರೆ ನನ್ನದು ಕಚ್ಚಿಕೊಂಡು ಹತ್ತುತ್ತಿತ್ತು. ಕೆಸರಿನಲ್ಲಿ ಜಾರದ ಹಾಗೆ ಚಕ್ರಕ್ಕೆ ಚೈನ್ ಕಟ್ಟಿದರೂ ಟೈರಿನ ಪಕ್ಕದ ಗೋಡೆಗೆ ಏಟಾಗುತ್ತಿರಲಿಲ್ಲ. ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹೋಗಿರುತ್ತವೆ. ಅದಕ್ಕೇ ಪಕ್ಕ ಅಷ್ಟು ಗಟ್ಟಿ.

ಆದರೆ ಅದೇ ಗಟ್ಟಿತನ ಘಾಟಿಯಲ್ಲಿ ತೊಂದರೆ ಕೊಡುತ್ತದೆ. ಚಕ್ರ ಉರುಳಿದಂತೆ ಆ ಪದರಗಳು ಒಂದಕ್ಕೊಂದು ಉಜ್ಜುತ್ತವೆ, ಬಿಸಿ ಏರುತ್ತದೆ. ಏಪ್ರಿಲ್ ಬಿಸಿಲಲ್ಲಿ ಲೋಡ್ ಹಾಕಿಕೊಂಡು ಶಿರಾಡಿಯ ಕಾಂಕ್ರೀಟ್ ಇಳಿದು ಗುಂಡ್ಯದಲ್ಲಿ ನಿಲ್ಲಿಸಿದರೆ ಟೈರಿನ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಡಾಂಬರಿನಲ್ಲಿ 60 ದಾಟಿದರೆ ಗುಂಯ್ ಅಂತ ಸದ್ದು ಬೇರೆ. ಹಿಂದಿನ ಜೋಡಿ 31,000 ಕಿಲೋಮೀಟರ್‌ಗೆ ಮುಗಿಯಿತು. ಡೀಸೆಲ್ ಲೀಟರ್‌ಗೆ 11.5 ಕೊಡುತ್ತಿತ್ತು.

ಆಮೇಲೆ ರಿಸೋಲ್ ಮಾಡಿಸಿದೆ. ಹಳೆ ಟೈರಿನ ಮೈ ಚೆನ್ನಾಗಿದ್ದರೆ ಹೊಸ ಟೈರಿನ ಅರ್ಧಕ್ಕಿಂತ ಕಮ್ಮಿ ಖರ್ಚಿನಲ್ಲಿ ಕೆಲಸ ಆಗುತ್ತದೆ. ಎರಡರಲ್ಲಿ ಒಂದು 19,000 ಓಡಿತು. ಇನ್ನೊಂದರ ಪಟ್ಟಿ 6,000ಕ್ಕೇ ಕಿತ್ತುಬಂತು, ಅದೂ ಮಾರನಹಳ್ಳಿ ಹತ್ತಿರ, ಪೂರ್ತಿ ಲೋಡಿನಲ್ಲಿ. ಬಿಚ್ಚಿ ನೋಡಿದರೆ ಒಳಗೆ ಹಳೆಯ ಮೊಳೆಯ ತೂತು. ಅದರಿಂದ ನೀರು ಇಳಿದು ಪದರ ಬಿಟ್ಟಿತ್ತು. ರಿಸೋಲ್ ಮಾಡಿದವರು ಅದನ್ನು ನೋಡಿಯೇ ಇರಲಿಲ್ಲ. ಅವತ್ತು ಹಿಂದೆ ಬೇರೆ ಗಾಡಿ ಇರಲಿಲ್ಲ, ಅಷ್ಟೇ ಪುಣ್ಯ. ರಿಸೋಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬಯಲುಸೀಮೆಯಲ್ಲಿ ಹತ್ತಿರದ ಓಡಾಟಕ್ಕೆ ನಡೆಯುತ್ತದೆ. ಆದರೆ ಟೈರು ಕೊಡುವ ಮೊದಲು ಒಳಮೈಯನ್ನು ಬೆಳಕು ಹಿಡಿದು ನೀವೇ ನೋಡಿ. ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ.

ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದ್ದು ಮುಂದೆ ರೇಡಿಯಲ್, ಹಿಂದೆ ನೈಲಾನ್ ಲಗ್ ಹಾಕಿದಾಗ. ನಮ್ಮ ಕಡೆ ಎಷ್ಟೋ ಗಾಡಿಗಳಲ್ಲಿ ಹೀಗೇ ಇದೆ. ಸ್ಟೇರಿಂಗ್ ಹಗುರ ಆಗುತ್ತದೆ, ಹಿಂದೆ ಲೋಡ್ ತಡೆಯುತ್ತದೆ, ಎರಡೂ ಲಾಭ ಅಂತ ಲೆಕ್ಕ. ನಾನೂ ಹಾಗೇ ಅಂದುಕೊಂಡಿದ್ದೆ. ಆಗಸ್ಟ್‌ನಲ್ಲಿ ಒಂದು ದಿನ ಖಾಲಿ ಗಾಡಿಯಲ್ಲಿ ಘಾಟಿ ಇಳಿಯುತ್ತಿದ್ದೆ. ಜಡಿಮಳೆ. ತಿರುವಿನಲ್ಲಿ ಮುಂಭಾಗ ಸರಿಯಾಗಿ ತಿರುಗಿತು, ಹಿಂಭಾಗ ಹೊರಗೆ ಎಳೆಯಿತು. ಗಾಡಿ ಅರ್ಧ ಅಡ್ಡ ನಿಂತಿತು. ಎದುರಿಂದ ಬಸ್ಸು ಬರುತ್ತಿತ್ತು. ಡ್ರೈವರ್ ದೂರದಿಂದಲೇ ನೋಡಿ ನಿಲ್ಲಿಸಿದರು.

ಕಾರಣ ಆಮೇಲೆ ತಿಳಿಯಿತು. ರೇಡಿಯಲ್ ಟೈರಿನಲ್ಲಿ ದಾರಗಳು ಓರೆಯಾಗಿರದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗಿರುತ್ತವೆ, ಅದಕ್ಕೇ ಪಕ್ಕ ಮೆತ್ತಗೆ. ತಿರುವಿನಲ್ಲಿ ಪಕ್ಕ ಬಾಗಿದರೂ ನೆಲಕ್ಕೆ ತಾಗುವ ಪಟ್ಟಿ ಸಮನಾಗಿ ಕೂತಿರುತ್ತದೆ. ನೈಲಾನಿನಲ್ಲಿ ಪಕ್ಕ ಬಾಗಿದರೆ ಪಟ್ಟಿಯೂ ಜೊತೆಗೆ ಏಳುತ್ತದೆ. ಹಾಗಾಗಿ ಮುಂದೆ ಹಿಡಿತ ಜಾಸ್ತಿ, ಹಿಂದೆ ಕಮ್ಮಿ. ಒಂದೇ ಆಕ್ಸಲ್‌ನಲ್ಲಿ ಎರಡು ಬಗೆ ಬೆರೆಸಲೇಬಾರದು. ಎರಡು ಆಕ್ಸಲ್‌ಗೆ ಬೇರೆ ಬೇರೆ ಹಾಕಲೇಬೇಕಾದ ಕಷ್ಟ ಬಂದರೆ ರೇಡಿಯಲ್ ಹಿಂದೆ ಇರಬೇಕು. ನಾನು ಮಾಡಿದ್ದು ಅದರ ತದ್ವಿರುದ್ಧ. ನಿಮ್ಮ ಗಾಡಿಯಲ್ಲೂ ಹಾಗಿದ್ದರೆ ಮಳೆಗಾಲಕ್ಕೆ ಮೊದಲು ದಯವಿಟ್ಟು ಬದಲಿಸಿ.

ಇನ್ನು ಅಲಾಯ್. ತಮ್ಮನಿಗೆ ಬಹಳ ಆಸೆ ಇತ್ತು. 15 ಇಂಚಿನ ಅಲಾಯ್, ಅದಕ್ಕೆ 235/75 ಆರ್ 15 ಟ್ಯೂಬ್‌ಲೆಸ್, ಜೀಪು, ಎಸ್‌ಯುವಿಗೆ ಹಾಕುವ ಅಗಲದ ಟೈರು. ನೋಡಲು ಗಾಡಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಖಾಲಿ ಇದ್ದಾಗ ಕಾರಿನ ಹಾಗೆ ಓಡುತ್ತಿತ್ತು. ಬ್ರೇಕ್ ಹಿಡಿತವೂ ಚೆನ್ನಾಗಿತ್ತು. 34 ಮೂಟೆ ಹೇರಿದ ದಿನ ಹಿಂದಿನ ಟೈರುಗಳ ಹೊಟ್ಟೆ ಉಬ್ಬಿತು. ಗಾಳಿ ಜಾಸ್ತಿ ಹಾಕಿಸಿದೆ, ಆದರೂ ಗಾಡಿ ಪಕ್ಕಕ್ಕೆ ವಾಲಾಡುತ್ತಿತ್ತು.

ಅವತ್ತೇ ವೇಬ್ರಿಡ್ಜ್‌ಗೆ ಹೋಗಿ ಬರೀ ಹಿಂದಿನ ಚಕ್ರಗಳನ್ನು ಮೇಲೆ ನಿಲ್ಲಿಸಿ ತೂಕ ಹಾಕಿಸಿದೆ. 2,180 ಕೆಜಿ ತೋರಿಸಿತು. ಮೂಟೆ 50 ಕೆಜಿಯದು, 34 ಅಂದರೆ 1,700. ಆರ್‌ಸಿ ಪುಸ್ತಕದ ಮಿತಿಯೊಳಗೇ ಇದ್ದೆ. ಟೈರಿನ ಪಕ್ಕದಲ್ಲಿ ನೋಡಿದರೆ ಲೋಡ್ ನಂಬರ್ 105 ಅಂತ ಇತ್ತು. 105 ಅಂದರೆ ಒಂದು ಟೈರಿಗೆ 925 ಕೆಜಿ. ಎರಡಕ್ಕೆ 1,850. ಅಂದರೆ 330 ಕೆಜಿ ಕೊರತೆ! ಅಲಾಯ್ ಹಿಂಬದಿಯಲ್ಲಿ ಗರಿಷ್ಠ ಲೋಡ್ 800 ಅಂತ ಕೆತ್ತಿತ್ತು, ಅದು ಇನ್ನೂ ಕಮ್ಮಿ. ಮಾರುವಾಗ ಅಂಗಡಿಯವರು ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಟೈರು ತಗೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದೇ. ಪೂರ್ತಿ ಲೋಡಿನಲ್ಲಿ ಹಿಂದಿನ ಆಕ್ಸಲ್ ತೂಕ ನೋಡಿ, ಎರಡರಿಂದ ಭಾಗಿಸಿ. ಆ ತೂಕಕ್ಕಿಂತ ಮೇಲಿನ ಲೋಡ್ ನಂಬರ್ ಇರುವ ಟೈರು ಕೇಳಿ. 100 ಅಂದರೆ 800 ಕೆಜಿ, 108 ಅಂದರೆ 1,000, 112 ಅಂದರೆ 1,120. ಲಾರಿ, ಪಿಕಪ್ ಟೈರಿನಲ್ಲಿ ಎರಡು ನಂಬರ್ ಇದ್ದರೆ ಮೊದಲನೆಯದು ಒಂದು ಬದಿಗೆ ಒಂದೇ ಚಕ್ರ ಇರುವ ಗಾಡಿಗೆ, ಎರಡನೆಯದು ಒಂದು ಬದಿಗೆ ಎರಡು ಚಕ್ರ ಜೋಡಿಸಿರುವ ಗಾಡಿಗೆ.

ಅಲಾಯ್‌ಗೆ ನಮ್ಮ ರಸ್ತೆಯೂ ಸರಿಹೋಗಲಿಲ್ಲ. ತೋಟದೊಳಗೆ ಕಲ್ಲಿಗೆ ಬಡಿದು ಒಂದರ ಅಂಚು ಬಿರುಕು ಬಿಟ್ಟಿತು. ಸ್ಟೀಲ್ ಡಿಸ್ಕು ಹಾಗಲ್ಲ, ಬಾಗುತ್ತದೆ. ಸ್ವಲ್ಪ ಬಾಗಿದ್ದರೆ ತಟ್ಟಿ ನೇರ ಮಾಡಿಸಬಹುದು. ಟ್ಯೂಬ್ ಇದ್ದರೆ ಅಂಚು ಚೂರು ಡೊಂಕಾದರೂ ಗಾಳಿ ನಿಲ್ಲುತ್ತದೆ, ಟ್ಯೂಬ್‌ಲೆಸ್‌ನಲ್ಲಿ ಅಲ್ಲೇ ಸೋರುತ್ತದೆ. ಹೈವೇ ಮೇಲೇ ಓಡುವವರಿಗೆ ಟ್ಯೂಬ್‌ಲೆಸ್ ಖಂಡಿತ ಒಳ್ಳೆಯದು. ಮೊಳೆ ಹೊಕ್ಕರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಗಾಡಿ ಪಕ್ಕಕ್ಕೆ ತರಲು ಸಮಯ ಸಿಗುತ್ತದೆ. ನನ್ನ ಓಡಾಟದಲ್ಲಿ ಅರ್ಧ ತೋಟದ ರಸ್ತೆಯೇ ಇರುವುದರಿಂದ ನಾನು ಸ್ಟೀಲ್ ಡಿಸ್ಕು, ಟ್ಯೂಬು, ಫ್ಲ್ಯಾಪ್‌ಗೇ (ಟ್ಯೂಬಿಗೂ ಡಿಸ್ಕಿಗೂ ನಡುವೆ ಹಾಕುವ ರಬ್ಬರ್ ಪಟ್ಟಿ) ವಾಪಸ್ ಬಂದೆ.

ಈಗ ಇರುವುದು ನಾಲ್ಕೂ ಕಡೆ 7.00 ಆರ್ 15 ರೇಡಿಯಲ್. ಮುಂದೆ ಉದ್ದ ಗೆರೆಯದು. ಹಿಂದೆ ಮಿಶ್ರ ಬಟನ್, ನಡುವೆ ಗೆರೆ, ಅಂಚಿನಲ್ಲಿ ಅಡ್ಡ ಕಟ್ಟು. ಒಂದೊಂದು ಟೈರು 1,200 ಕೆಜಿಗಿಂತ ಜಾಸ್ತಿ ತಡೆಯುತ್ತದೆ. ನೈಲಾನಿಗಿಂತ ಟೈರಿಗೆ ಸುಮಾರು 2,000 ರೂಪಾಯಿ ಜಾಸ್ತಿ ಕೊಟ್ಟೆ. ಹಿಂದಿನ ಮೊದಲ ಜೋಡಿ 54,000 ಕಿಲೋಮೀಟರ್ ಬಂತು. ಡೀಸೆಲ್ 12.3ಕ್ಕೆ ಏರಿತು. ಗುಂಡ್ಯದಲ್ಲಿ ಮುಟ್ಟಿದರೆ ಬೆಚ್ಚಗಿರುತ್ತದೆ, ಸುಡುವುದಿಲ್ಲ. ಕೆಸರಿನಲ್ಲಿ ಮಾತ್ರ ಲಗ್‌ನಷ್ಟು ಕಚ್ಚುವುದಿಲ್ಲ, ಚೈನ್ ಬೇಗ ಕಟ್ಟಬೇಕಾಗುತ್ತದೆ. ಪಕ್ಕದ ಗೋಡೆ ತೆಳು ಇರುವುದರಿಂದ ಚೈನನ್ನು ಬಿಗಿಯಾಗಿ, ಅಲ್ಲಾಡದ ಹಾಗೆ ಕಟ್ಟುತ್ತೇನೆ, ಗಟ್ಟಿ ರಸ್ತೆ ಸಿಕ್ಕ ತಕ್ಷಣ ಬಿಚ್ಚುತ್ತೇನೆ. ಬರೀ ತೋಟದೊಳಗೆ ಓಡುವ ಗಾಡಿಯಾದರೆ ನಾನೂ ನಾಲ್ಕಕ್ಕೂ ನೈಲಾನೇ ಹಾಕುತ್ತಿದ್ದೆ.

ಗಾಳಿ ಮುಂದೆ 45 ಪಿಎಸ್‌ಐ. ಹಿಂದೆ ಲೋಡಿಗೆ 70, ಖಾಲಿಗೆ 50. ಇದು ನನ್ನ ಗಾಡಿಗೆ, ನನ್ನ ಟೈರಿಗೆ. ನಿಮ್ಮ ಗಾಡಿಯ ಸ್ಟಿಕ್ಕರ್, ಟೈರಿನ ಪಕ್ಕದ ಗರಿಷ್ಠ ಅಂಕಿ ಎರಡನ್ನೂ ನೋಡಿಕೊಳ್ಳಿ. ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು. ಘಾಟಿ ಇಳಿದ ಮೇಲೆ ಜಾಸ್ತಿ ತೋರಿಸಿತು ಅಂತ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಮ್ಮಿ ಆಗಿರುತ್ತದೆ. ಹೊಸ ಟೈರಿನಲ್ಲಿ ತಯಾರಾದ ದಿನದ ನಾಲ್ಕು ಅಂಕಿಯನ್ನೂ ನೋಡಿ. 2224 ಅಂದರೆ 2024ರ 22ನೇ ವಾರ. ಡಿಸ್ಕು ಬಿಚ್ಚಿ ಹಾಕಿಸಿದ ಮೇಲೆ 50 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ.

ಈಗ ಓಡುತ್ತಿರುವ ಹಿಂದಿನ ಜೋಡಿಯಲ್ಲಿ ಬಟನ್ 4 ಮಿಲಿಮೀಟರ್ ಉಳಿದಿದೆ. 1.6 ಮಿಲಿಮೀಟರ್‌ವರೆಗೆ ಓಡಿಸಲು ಕಾನೂನು ಬಿಡುತ್ತದೆ. ಆದರೆ ಶಿರಾಡಿ ಮಳೆಯಲ್ಲಿ ಅಷ್ಟಕ್ಕೆ ಇಳಿಸುವ ಧೈರ್ಯ ನನಗಿಲ್ಲ. ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲೇ ಬದಲಿಸುತ್ತೇನೆ. ಹಳೆಯದರಲ್ಲಿ ಪಕ್ಕ ಚೆನ್ನಾಗಿರುವ ಒಂದು ಸ್ಟೆಪ್ನಿಗೆ ಹೋಗುತ್ತದೆ. ಇಷ್ಟು ದಿನ ಅಲ್ಲಿ ಕೂತಿರುವುದು ಅದೇ ಮೊದಲಿನ ನೈಲಾನ್ ಟೈರು.