ತೀರಿಕೊಂಡವರ ಹೆಸರಿಗೆ ಬರುವ ಮೊಬೈಲ್ ಬಿಲ್ಲು: ಸಂಪರ್ಕ ಮುಚ್ಚಿಸಲು ಹೊರಟವರಿಗೆ ಎಚ್ಚರಿಕೆ

ನನ್ನ ತಂದೆಯವರು ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿದ್ದ ಪೋಸ್ಟ್‌ಪೇಯ್ಡ್ ಸಂಪರ್ಕವೊಂದನ್ನು ಮುಚ್ಚಿಸುವುದಕ್ಕೆ ನನಗೆ ನಾಲ್ಕೂವರೆ ತಿಂಗಳು ಹಿಡಿಯಿತು. ಬ್ಯಾಂಕಿನವರು, ಪಿಂಚಣಿ ಕಚೇರಿಯವರು, ಗ್ಯಾಸ್ ಏಜೆನ್ಸಿಯವರು ಮರಣ ಪ್ರಮಾಣಪತ್ರ ನೋಡಿ ಒಂದೆರಡು ಸಹಿ ಹಾಕಿಸಿಕೊಂಡು ಮುಗಿಸಿದ ಕೆಲಸವನ್ನು ಮೊಬೈಲ್ ಕಂಪನಿ ಮಾತ್ರ ಮುಗಿಸಲಿಲ್ಲ. ಇಂಥ ಕೆಲಸ ಹಿಡಿದು ಮಳಿಗೆಗೆ ಹೋಗುವವರು ನಾನು ಮಾಡಿದ ತಪ್ಪುಗಳನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ತಂದೆಯವರು ತೀರಿಕೊಂಡ ಕೂಡಲೇ ನಾವು ಆ ಸಂಖ್ಯೆಯನ್ನು ಮುಚ್ಚಿಸಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾವು ಸರಿಯಾಗಿಯೇ ನಡೆದುಕೊಂಡೆವು ಎನ್ನಬೇಕು. ಬ್ಯಾಂಕು, ಆಧಾರ್, ವಿಮೆ, ಅಂಚೆ ಕಚೇರಿಯ ಖಾತೆ ಎಲ್ಲಕ್ಕೂ ಒಟಿಪಿ ಬರುತ್ತಿದ್ದುದು ಅದೇ ಸಂಖ್ಯೆಗೆ. ಮೊದಲು ಸಿಮ್ ಸತ್ತಿದ್ದರೆ ಉಳಿದ ಕೆಲಸಗಳೆಲ್ಲ ನಡುನೀರಿನಲ್ಲಿ ನಿಲ್ಲುತ್ತಿದ್ದವು. ಮುಚ್ಚಿದ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲವಾದರೂ, ಆ ಬಳಿಕ ಅದು ಯಾರ ಕೈಗಾದರೂ ಹೋಗಬಹುದು. ಆಗ ತಂದೆಯವರ ಖಾತೆಯ ಸಂದೇಶಗಳು ಯಾರೋ ಅಪರಿಚಿತರ ಫೋನಿನಲ್ಲಿ ಟಣ್ ಎನ್ನುತ್ತವೆ. ಆದ್ದರಿಂದ ಎಲ್ಲ ಕಡೆ ಸಂಖ್ಯೆ ಬದಲಾಯಿಸುವವರೆಗೆ ತಿಂಗಳ ಬಾಡಿಗೆ 399 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ, ಒಟ್ಟು 470 ರೂಪಾಯಿ 82 ಪೈಸೆಯನ್ನು ನಾನೇ ಕಟ್ಟುತ್ತ ಹೋದೆ. ಸಿಮ್ ಚಾಲ್ತಿಯಲ್ಲಿರುವಾಗಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆಗೆ ಬರುವ ಒಟಿಪಿ ಹಾಕಿ ನೋಡಿದರೆ, ಅದೇ ವ್ಯಕ್ತಿಯ ಹೆಸರಿನಲ್ಲಿ ಬೇರೆ ಯಾವ ಯಾವ ಸಂಪರ್ಕಗಳಿವೆ ಎಂಬುದು ತಿಳಿಯುತ್ತದೆ. ಎಂದೋ ತಂದು ಮರೆತಿದ್ದ ಡಾಂಗಲ್‌ನ ಸಿಮ್ ಒಂದು ತಂದೆಯವರ ಹೆಸರಿನಲ್ಲಿತ್ತು ಎಂಬುದು ನಮಗೆ ಗೊತ್ತಾದದ್ದು ಹೀಗೆ.

ದಸರೆಗೆ ನಾಲ್ಕು ದಿನ ಮೊದಲು, ಕೆಲಸಗಳೆಲ್ಲ ಮುಗಿದವೆಂದು ಖಚಿತವಾದ ಮೇಲೆ, ಮೈಸೂರಿನಲ್ಲಿರುವ ಆ ಕಂಪನಿಯ ಮಳಿಗೆಗೆ ಹೋದೆ. ಸಂಪರ್ಕ ರದ್ದುಪಡಿಸಬೇಕಾದರೆ ಗ್ರಾಹಕರೇ ಖುದ್ದಾಗಿ ಬರಬೇಕು ಎಂದು ಕೌಂಟರಿನಲ್ಲಿದ್ದ ಯುವಕ ಹೇಳಿದ. ಗ್ರಾಹಕರು ತೀರಿಕೊಂಡಿದ್ದಾರೆ ಎಂದು ಪ್ರಮಾಣಪತ್ರ ತೋರಿಸಿದಾಗ, ಹಾಗಿದ್ದರೆ ವಂಶವೃಕ್ಷ ತನ್ನಿ ಎಂದ. ನಾಡಕಚೇರಿಯಿಂದ ತರುವ ವಂಶವೃಕ್ಷವನ್ನು ಆಸ್ತಿಯ ಖಾತೆ ಬದಲಾವಣೆಗೆ ಕೇಳುವುದನ್ನು ಕಂಡಿದ್ದೇನೆ. ಒಂದು ಸಿಮ್ ಮುಚ್ಚುವುದಕ್ಕೂ ಅದು ಬೇಕಾದೀತೆಂದು ಎಣಿಸಿರಲಿಲ್ಲ. ಸಂಖ್ಯೆಯನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಳ್ಳುವುದಿದ್ದರೆ ವಾರಸುದಾರನೆಂಬ ಪುರಾವೆ ಕೇಳುವುದರಲ್ಲಿ ಅರ್ಥವಿದೆ, ಮುಚ್ಚುವುದಕ್ಕೆ ಏಕೆ ಎಂದು ಕೇಳಿದೆ. ಆತ ಒಳಗೆ ಹೋಗಿ ಯಾರನ್ನೋ ವಿಚಾರಿಸಿ ಬಂದು, ಮರಣ ಪ್ರಮಾಣಪತ್ರದ ಪ್ರತಿ, ನನ್ನ ಆಧಾರ್ ಪ್ರತಿ ಮತ್ತು ಸಿಮ್ ತೆಗೆದುಕೊಂಡು, ‘ಆಯ್ತು ಸರ್, ಕ್ಲೋಸ್ ಆಗುತ್ತೆ, ಮೆಸೇಜ್ ಬರುತ್ತೆ’ ಎಂದ.

ಸಂದೇಶ ಬರುವುದಾದರೂ ಯಾವ ಸಂಖ್ಯೆಗೆ? ಮುಚ್ಚಬೇಕಾದ ಸಂಖ್ಯೆಗೇ. ಅದರ ಸಿಮ್ಮನ್ನು ಆಗಷ್ಟೇ ಅವನ ಕೈಗೆ ಕೊಟ್ಟಿದ್ದೆ. ಈ ವಿಚಾರ ನನ್ನ ತಲೆಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಸ್ವೀಕೃತಿ ಪತ್ರವಿಲ್ಲ, ಕೋರಿಕೆಯ ಸಂಖ್ಯೆಯಿಲ್ಲ, ಕೊಟ್ಟ ಅರ್ಜಿಯ ಮೇಲೊಂದು ಮೊಹರಿನ ಪ್ರತಿಯಿಲ್ಲ. ಬಾಯಿಮಾತನ್ನು ನಂಬಿ ಎದ್ದು ಬಂದಿದ್ದೆ. ನನ್ನ ಬಳಿ ಉಳಿದಿದ್ದುದು ಸರದಿಗಾಗಿ ಯಂತ್ರ ಕೊಟ್ಟಿದ್ದ, ದಿನಾಂಕ ಮತ್ತು ವೇಳೆ ಮುದ್ರಿತವಾಗಿದ್ದ ಒಂದು ಟೋಕನ್ ಚೀಟಿ ಮಾತ್ರ. ಅಂಥ ಚೀಟಿಯ ಅಕ್ಷರಗಳು ದಿನ ಕಳೆದಂತೆ ಅಳಿಸಿಹೋಗುತ್ತವೆ. ಯಾವ ಪುಣ್ಯವೋ, ಆ ರಾತ್ರಿ ಅದರದೊಂದು ಫೋಟೋ ತೆಗೆದಿಟ್ಟಿದ್ದೆ.

ಅಕ್ಟೋಬರಿನಲ್ಲಿ ತಂದೆಯವರ ಇಮೇಲ್‌ಗೆ ಎಂದಿನಂತೆ ಬಿಲ್ಲು ಬಂತು. ಆ ತಿಂಗಳಿನದು ಮೊದಲೇ ಸಿದ್ಧವಾಗಿದ್ದಿರಬೇಕು, ಮುಂದಿನದು ಬರಲಾರದು ಎಂದು ಸುಮ್ಮನಾದೆ. ನವೆಂಬರಿನ ಬಿಲ್ಲಿನಲ್ಲಿ ಬಾಡಿಗೆಯ ಜೊತೆಗೆ ತಡಪಾವತಿಯ ಶುಲ್ಕ 118 ರೂಪಾಯಿ ಸೇರಿತ್ತು. ಡಿಸೆಂಬರಿನಲ್ಲಿ ಮತ್ತೊಂದು 118. ಮೂರು ತಿಂಗಳಿಗೆ ಒಟ್ಟು 1648 ರೂಪಾಯಿ 46 ಪೈಸೆ. ಯಾರೂ ಬಳಸದ, ಸಿಮ್ ಅವರ ವಶದಲ್ಲೇ ಇದ್ದ ಸಂಪರ್ಕಕ್ಕೆ ಈ ಲೆಕ್ಕ. ಮೊದಲು ತಂದೆಯವರ ಬ್ಯಾಂಕ್ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆಯಿತ್ತು. ಖಾತೆ ಮುಚ್ಚಿದಾಗ ಅದೂ ನಿಂತಿತ್ತು. ಹಾಗೆ ನಿಲ್ಲದೇ ಹೋಗಿದ್ದರೆ ಇನ್ನೆಷ್ಟು ತಿಂಗಳು ಸದ್ದಿಲ್ಲದೆ ಹಣ ಹರಿಯುತ್ತಿತ್ತೋ ತಿಳಿಯದು.

ಬಾಕಿಯ ಮೊತ್ತಕ್ಕಿಂತ ನಮ್ಮನ್ನು ನೋಯಿಸಿದ್ದು ವಸೂಲಿಯ ಕರೆಗಳು. ಕಂಪನಿಯ ದಾಖಲೆಯಲ್ಲಿ ಪರ್ಯಾಯ ಸಂಖ್ಯೆಯೆಂದು ತಂದೆಯವರು ಕೊಟ್ಟಿದ್ದುದು ತಾಯಿಯವರ ಸಂಖ್ಯೆಯನ್ನು. ಡಿಸೆಂಬರಿನ ಒಂದು ಮಧ್ಯಾಹ್ನ ಕರೆ ಮಾಡಿದವನು ತಂದೆಯವರ ಹೆಸರು ಹೇಳಿ, ಅವರಿಗೆ ಫೋನ್ ಕೊಡಿ ಎಂದಿದ್ದಾನೆ. ತಾಯಿ, ‘ಅವರಿಲ್ಲ’ ಎಂದಿದ್ದಾರೆ. ‘ಎಷ್ಟು ಹೊತ್ತಿಗೆ ಬರ್ತಾರೆ?’ ಎಂದು ಆತ ಕೇಳಿದ್ದಾನೆ. ಮರುದಿನ ಬೇರೊಬ್ಬ, ಅದರ ಮರುದಿನ ಮತ್ತೊಬ್ಬ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹೊರರಾಜ್ಯದ ವಕೀಲರೊಬ್ಬರ ಹೆಸರಿನಲ್ಲಿ ಇಂಗ್ಲಿಷ್ ನೋಟಿಸು ಬಂತು. ಲೋಕ ಅದಾಲತ್ ಎಂಬ ಮಾತನ್ನು ಅದರಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ತಾಯಿಯವರು ಹೆದರಿ, ಆ ಸಾವಿರದಾರುನೂರು ಬಿಸಾಕಿ ಬಿಡು ಎಂದರು. ಹೆದರಿಕೆಯಿಂದ ಕಟ್ಟಿಬಿಡುವವರನ್ನು ನಂಬಿಕೊಂಡೇ ಇಂಥ ಕಾಗದಗಳು ಹೊರಡುತ್ತವೆ ಎಂಬುದು ನನ್ನ ಅನುಮಾನ. ತೀರಿಕೊಂಡವರು ಉಳಿಸಿಹೋದ ನಿಜವಾದ ಬಾಕಿಗೂ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಇಲ್ಲಿ ಬಾಕಿ ಹುಟ್ಟಿದ್ದೇ ಅವರು ತೀರಿಕೊಂಡ ಮೇಲೆ, ಮುಚ್ಚಿ ಎಂದು ಕೇಳಿದ ಮೇಲೆ.

ದೂರಿನ ದಾರಿಯಲ್ಲೂ ಮೊದಲು ಎಡವಿದೆ. ಎರಡು ವಾರ 121ಕ್ಕೆ ಕರೆ ಮಾಡುತ್ತ, ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂಬುದನ್ನು ಕೇಳುತ್ತ ಕಳೆದೆ. ಅದು ಮಾಹಿತಿಗಾಗಿ ಇರುವ ಸಂಖ್ಯೆ. ದೂರು ದಾಖಲಿಸುವ ಉಚಿತ ಸಂಖ್ಯೆ 198. ಅಲ್ಲಿ ದೂರು ಕೊಟ್ಟಾಗ ಕಂಪನಿಯವರು ಡಾಕೆಟ್ ಸಂಖ್ಯೆ, ಅಂದರೆ ದೂರಿನ ಗುರುತು ಸಂಖ್ಯೆ, ಕೊಡಲೇಬೇಕು; ಅದಿಲ್ಲದೆ ನೀವು ಆಡಿದ ಮಾತೆಲ್ಲ ಗಾಳಿಗೆ ಹೋದಂತೆಯೇ. ನನಗೆ ಡಾಕೆಟ್ ಸಂಖ್ಯೆ ಸಿಕ್ಕಿತು. ಎರಡೇ ದಿನಕ್ಕೆ, ಯಾರೊಬ್ಬರೂ ಒಂದು ಮಾತನ್ನೂ ಕೇಳದೆ, ನಿಮ್ಮ ದೂರನ್ನು ಪರಿಹರಿಸಲಾಗಿದೆ ಎಂಬ ಸಂದೇಶವೂ ಬಂತು. ಬಹುಪಾಲು ಜನ ಕೈಬಿಡುವುದು ಇಲ್ಲಿಯೇ ಇರಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆಯೋಣವೆಂದರೆ, ಅದು ಗ್ರಾಹಕರ ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ. ಆದರೆ ಅದೇ ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಒಂದು ಮೇಲ್ಮನವಿ ಪ್ರಾಧಿಕಾರವನ್ನು ಇಟ್ಟಿರಬೇಕು. ದೂರಿಗೆ ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ ಡಾಕೆಟ್ ಸಂಖ್ಯೆಯೊಂದಿಗೆ ಅಲ್ಲಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ಮತ್ತು 39 ದಿನಗಳೊಳಗೆ ಅದನ್ನು ತೀರ್ಮಾನಿಸಬೇಕು. ಕಂಪನಿಯ ಜಾಲತಾಣದಲ್ಲಿ ಅದರ ಇಮೇಲ್ ವಿಳಾಸ ಇರುತ್ತದೆ, ಹುಡುಕುವ ತಾಳ್ಮೆ ಬೇಕು.

ಮೇಲ್ಮನವಿಯಲ್ಲಿ ಸಿಟ್ಟನ್ನು ತೋಡಿಕೊಳ್ಳದೆ ದಿನಾಂಕಗಳನ್ನಷ್ಟೇ ಬರೆದೆ: ತೀರಿಕೊಂಡ ದಿನ, ಮಳಿಗೆಗೆ ಹೋದ ದಿನ, ಮೂರು ಬಿಲ್ಲುಗಳ ದಿನ. ಮರಣ ಪ್ರಮಾಣಪತ್ರ, ಟೋಕನ್ ಚೀಟಿಯ ಫೋಟೋ, ಸೆಪ್ಟೆಂಬರ್ ಕೊನೆಯಿಂದ ಒಂದು ಕರೆಯಾಗಲಿ ಒಂದಿಷ್ಟು ಡೇಟಾ ಆಗಲಿ ಬಳಕೆಯಾಗಿಲ್ಲವೆಂದು ತೋರಿಸುವ ಅವರದೇ ಬಿಲ್ಲಿನ ಪುಟಗಳನ್ನು ಲಗತ್ತಿಸಿದೆ. ತಂದೆಯವರು 14 ವರ್ಷಗಳ ಹಿಂದೆ ರೋಮಿಂಗ್ ಸೌಲಭ್ಯಕ್ಕಾಗಿ ಇಟ್ಟಿದ್ದ 500 ರೂಪಾಯಿ ಠೇವಣಿಯನ್ನೂ ಕೇಳಿದೆ. ಪ್ರತಿ ಬಿಲ್ಲಿನ ಮೂಲೆಯಲ್ಲಿ ಅದು ಸಣ್ಣ ಅಕ್ಷರದಲ್ಲಿ ನಮೂದಾಗಿರುತ್ತಿತ್ತು. ಹಳೆಯ ಪೋಸ್ಟ್‌ಪೇಯ್ಡ್ ಗ್ರಾಹಕರು ತಮ್ಮ ಬಿಲ್ಲಿನಲ್ಲಿ ಒಮ್ಮೆ ಹುಡುಕಿ ನೋಡಿ. ಇದೂ ವಿಫಲವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಸಿದ್ಧನಿದ್ದೆ. ಫೋನ್ ಬಿಲ್ಲಿನ ತಗಾದೆಗೆ ಗ್ರಾಹಕರ ವೇದಿಕೆಗಳಲ್ಲಿ ಜಾಗವಿಲ್ಲವೆಂದು 2009ರ ತೀರ್ಪೊಂದನ್ನು ಮುಂದಿಟ್ಟು ಹೇಳುತ್ತಿದ್ದ ಕಾಲವಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗ್ರಾಹಕರ ವೇದಿಕೆಗೆ ಈ ಅಧಿಕಾರವಿದೆಯೆಂದು ಸ್ಪಷ್ಟಪಡಿಸಿದೆ. ಹಾಗೆಂದು ಮೇಲ್ಮನವಿಯ ಕೊನೆಯಲ್ಲಿ ಒಂದು ವಾಕ್ಯ ಬರೆದದ್ದೂ ಕೆಲಸ ಮಾಡಿರಬಹುದು.

ಮೂವತ್ತಮೂರನೆಯ ದಿನ ಉತ್ತರ ಬಂತು. ಮಳಿಗೆಯಲ್ಲಿ ಕೋರಿಕೆಯನ್ನು ಗಣಕದಲ್ಲಿ ದಾಖಲಿಸಿರಲೇ ಇಲ್ಲವಂತೆ. ಮೂರು ಬಿಲ್ಲುಗಳನ್ನೂ ತಡಪಾವತಿ ಶುಲ್ಕವನ್ನೂ ರದ್ದುಗೊಳಿಸಿ, ನಾನು ಹೋದ ದಿನದವರೆಗಿನ ಒಂಬತ್ತು ದಿನಗಳ ಬಾಡಿಗೆ 141 ರೂಪಾಯಿ 25 ಪೈಸೆಯನ್ನು ಮಾತ್ರ ಠೇವಣಿಯಿಂದ ಮುರಿದುಕೊಳ್ಳುವುದಾಗಿ ತಿಳಿಸಿದ್ದರು. ವಸೂಲಿಯ ಕರೆಗಳು ನಿಂತವು. ಬಾಕಿ ಏನೂ ಇಲ್ಲವೆಂಬ ಪತ್ರವನ್ನು ಪ್ರತ್ಯೇಕವಾಗಿ ಕೇಳಿ ತರಿಸಿಕೊಂಡೆ. ಕೇಳದಿದ್ದರೆ ಅದನ್ನು ಕೊಡುವುದಿಲ್ಲ.

ಉಳಿದ 358 ರೂಪಾಯಿ 75 ಪೈಸೆಯ ಚೆಕ್ಕು ಮೊನ್ನೆ ಅಂಚೆಯಲ್ಲಿ ಬಂದಿದೆ. ಅದನ್ನು ತಂದೆಯವರ ಹೆಸರಿಗೆ ಬರೆದಿದ್ದಾರೆ. ವಾರಸುದಾರರ ಹೆಸರಿಗೆ ಬದಲಾಯಿಸಿ ಕೊಡಿ ಎಂದು 198ಕ್ಕೆ ಕರೆ ಮಾಡಿದೆ. ಹೊಸ ಡಾಕೆಟ್ ಸಂಖ್ಯೆ ಕೊಟ್ಟಿದ್ದಾರೆ, ಈ ಸಲ ಕರೆ ಮುಗಿಯುವ ಮೊದಲೇ ಬರೆದಿಟ್ಟುಕೊಂಡಿದ್ದೇನೆ.